ಕುಡಿಯೋದಕ್ಕೂ ಟ್ಯೂಷನ್ನಾ?

ಪ್ರ: ಮೇಡಂ, ನಾನು ದಾವಣಗೆರೆ ಕಡೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆಫೀಸ್ ಪಾರ್ಟಿಗಳಲ್ಲಿ ವೈನ್ ಗ್ಲಾಸ್ ಹಿಡಿದವರೆಲ್ಲ ‘ಬ್ಲ್ಯಾಕ್‌ಕರಂಟ್ ಇದೆ, ಸೀಡರ್ ಇದೆ’ ಅನ್ನುತ್ತಾರೆ. ಅವೆರಡನ್ನೂ ನಾನು ಕಂಡವನಲ್ಲ. ನನ್ನ ಬಾಯಿಗೆ ಹುಳಿ, ಒಗರು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಒಂದು ದಿನದ ಟೇಸ್ಟಿಂಗ್ ಕೋರ್ಸ್ ಸೇರೋಣ ಅಂತಿದ್ದೇನೆ. ಮನೆಯವಳು ‘ಕುಡಿಯೋದಕ್ಕೂ ಟ್ಯೂಷನ್ನಾ?’ ಅಂತ ನಗುತ್ತಾಳೆ. ದುಡ್ಡು ದಂಡವಾ? ಆ ವಾಸನೆಗಳೆಲ್ಲ ನಿಜವಾ, ಬರೀ ಬಡಾಯಿಯಾ?
– ಹೆಸರು ಬೇಡ, ಬೆಂಗಳೂರು

ಉ: ಟ್ಯೂಷನ್ನು ಉಗುಳೋದಕ್ಕೆ ಅಂತ ನಿಮ್ಮ ಮನೆಯವರಿಗೆ ಹೇಳಿ! ತರಗತಿಯಲ್ಲಿ ಪ್ರತಿಯೊಬ್ಬರ ಮುಂದೆ ಒಂದು ಕಪ್ಪು ಇಟ್ಟಿರುತ್ತಾರೆ. ಗುಟುಕನ್ನು ಬಾಯಿ ತುಂಬ ಆಡಿಸಿ ಅದಕ್ಕೆ ಉಗುಳಬೇಕು. ಹೋಟೆಲ್ ಕೆಲಸದಲ್ಲಿದ್ದಾಗ ನಮ್ಮ ಮ್ಯಾನೇಜ್‌ಮೆಂಟಿನವರೇ ನನ್ನನ್ನು ಇಂಥ ಕೋರ್ಸಿಗೆ ಕಳಿಸಿದ್ದರು. ನುಂಗುತ್ತಾ ಹೋದವರು ಊಟದ ಹೊತ್ತಿಗೆ ಎಲ್ಲ ವೈನೂ ಚೆನ್ನಾಗಿದೆ ಅನ್ನುತ್ತಿದ್ದರು.

ಹುಳಿ, ಒಗರು ಬಿಟ್ಟರೆ ಏನೂ ತಿಳಿಯುವುದಿಲ್ಲ ಅಂತ ಬರೆದಿದ್ದೀರಲ್ಲ, ಬೆಳಗಿನ ಪಾಠವೇ ಅದು. ಹುಳಿ ಇದ್ದರೆ ಕೆನ್ನೆಯ ಒಳಗೆ ಜೊಲ್ಲು ಒಸರುತ್ತದೆ. ಒಗರು ಅದಕ್ಕೆ ತದ್ವಿರುದ್ಧ: ಸಿಪ್ಪೆ, ಬೀಜದಿಂದ ಬಂದ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಒಸಡು ಒಣಗಿಸುತ್ತದೆ. ಆಲ್ಕೋಹಾಲು ಗಂಟಲಲ್ಲಿ ಬಿಸಿ. ಈ ಮೂರನ್ನು, ಜೊತೆಗೆ ಸಿಹಿಯನ್ನು ಬೇರೆ ಬೇರೆ ಮಾಡಿ ಹೇಳಬಲ್ಲವರು ಪಾರ್ಟಿಯಲ್ಲಿ ಹಣ್ಣಿನ ಪಟ್ಟಿ ಒಪ್ಪಿಸುವವರಿಗಿಂತ ಎಷ್ಟೋ ಮುಂದಿದ್ದಾರೆ.

ಇನ್ನು ವಾಸನೆಯ ಮಾತು. ನಮ್ಮ ಬ್ಯಾಚಿನಲ್ಲಿ ಸಕಲೇಶಪುರದ ಕಾಫಿ ತೋಟದ ಒಬ್ಬರು ಹೆಂಗಸು ಇದ್ದರು. ವೈನ್ ಬಗ್ಗೆ ಏನೂ ಗೊತ್ತಿಲ್ಲ ಅಂತ ಹಿಂದಿನ ಸಾಲಿನಲ್ಲೇ ಕೂತವರು. ಶಿರಾಜ್ ಎಂಬ ಕೆಂಪು ವೈನಿನ ಗ್ಲಾಸನ್ನು ಮೂಗಿನ ಹತ್ತಿರ ತಂದವರೇ ‘ಅಯ್ಯೋ, ಇದು ನಮ್ಮ ಕಣದಲ್ಲಿ ಮೆಣಸು ಒಣಗಿಸಿದ ವಾಸನೆ’ ಅಂದುಬಿಟ್ಟರು. ಪಕ್ಕದಲ್ಲಿ ಕೂತಿದ್ದ ರೆಸ್ಟೋರೆಂಟ್ ಮ್ಯಾನೇಜರ್ ಗ್ಲಾಸು ತಿರುಗಿಸಿದ, ಮೂಸಿದ, ಮತ್ತೆ ತಿರುಗಿಸಿದ. ಏನೂ ಸಿಗಲಿಲ್ಲ. ಆಕೆ ಬುರುಡೆ ಬಿಡುತ್ತಿದ್ದಾರೆ ಅಂತಲೇ ಅವನ ಮುಖದಲ್ಲಿ ಬರೆದಿತ್ತು. ಆದರೆ ಇಬ್ಬರದೂ ಸರಿ. ಶಿರಾಜ್‌ನ ಮೆಣಸಿನ ವಾಸನೆಗೆ ಕಾರಣ ರೋಟಂಡೋನ್ ಎಂಬ ವಸ್ತು. ಕರಿಮೆಣಸಿನಲ್ಲಿರುವುದೂ ಅದೇ. 2008ರಲ್ಲಿ ಇದನ್ನು ಪ್ರಕಟಿಸಿದ ಆಸ್ಟ್ರೇಲಿಯಾದ ಸಂಶೋಧಕರು, ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಾಗುವುದೇ ಇಲ್ಲ ಅನ್ನುವುದನ್ನೂ ಕಂಡಿದ್ದರು. ಹಾಗೆಯೇ ಸೋವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗಿನ ವಾಸನೆ ಬಂದರೆ ಅದು ನಿಮ್ಮ ಕಲ್ಪನೆಯಲ್ಲ, ಎರಡರಲ್ಲೂ ಪೈರಜೀನ್ ಎಂಬ ಒಂದೇ ಕುಲದ ವಸ್ತುಗಳಿವೆ. ಆದ್ದರಿಂದ ಆ ಬ್ಲ್ಯಾಕ್‌ಕರಂಟ್ ಹಣ್ಣು, ಸೀಡರ್ ಮರ ಎರಡನ್ನೂ ಬಿಟ್ಟುಹಾಕಿ. ನೇರಳೆ ಅನ್ನಿಸಿದರೆ ನೇರಳೆ ಅಂತಲೇ ಬರೆದುಕೊಳ್ಳಿ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಘಮ ನಿಮಗೆ ಕಣ್ಣು ಮುಚ್ಚಿದರೂ ಗೊತ್ತು. ಕ್ಯಾಬರ್ನೆ ಎಂಬ ಒಳ್ಳೆಯ ಕೆಂಪು ವೈನಿನಲ್ಲಿ ಅದು ಇರುವುದಿಲ್ಲ, ದ್ರಾಕ್ಷಿಯ ಜಾತಿಯೇ ಬೇರೆ. ಅಷ್ಟು ಗುರುತಿಸಿದರೂ ಶುರುವಿಗೆ ಸಾಕು.

ಹಾಗಾದರೆ ಬಡಾಯಿ ಇಲ್ಲವೇ? ಧಾರಾಳವಾಗಿದೆ. ಫ್ರಾನ್ಸಿನ ಬೋರ್ಡೊದಲ್ಲಿ 54 ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. 2001ರಲ್ಲಿ ಇದು ಅಚ್ಚಾದಾಗಿನಿಂದ, ಇಡೀ ವಿದ್ಯೆಯೇ ಬೊಗಳೆ ಅನ್ನುವವರಿಗೆ ಇದೊಂದು ಅಸ್ತ್ರ. ನಾನು ಅಷ್ಟು ದೂರ ಹೋಗುವುದಿಲ್ಲ. ಕಣ್ಣು ಮೂಗನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ, ಅದಕ್ಕೇ ಲೇಬಲ್ ಮುಚ್ಚಿ ರುಚಿ ನೋಡುವುದು. ಒಂದು ಗುಟುಕಿಗೆ ಏಳು ಹಣ್ಣು ಹೇಳುವವರನ್ನು ಮಾತ್ರ ನಾನೂ ನಂಬುವುದಿಲ್ಲ.

ದುಡ್ಡಿನ ವಿಚಾರ. ಲಂಡನ್ನಿನ ಡಬ್ಲ್ಯೂಎಸ್‌ಇಟಿ 1969ರಲ್ಲಿ ಶುರುವಾದ, ವೈನ್ ಪಾಠ ಹೇಳಿ ಪರೀಕ್ಷೆ ಮಾಡುವ ಸಂಸ್ಥೆ, ಅದರ ಸರ್ಟಿಫಿಕೇಟಿಗೆ ಜಗತ್ತಿನಾದ್ಯಂತ ಬೆಲೆಯಿದೆ. ಮೊದಲ ಲೆವೆಲ್ಲು ಒಂದು ದಿನದ ಪಾಠ, ಕೊನೆಗೆ 45 ನಿಮಿಷದಲ್ಲಿ 30 ಬಹುಆಯ್ಕೆ ಪ್ರಶ್ನೆ. ಒಂದು, ಎರಡನೇ ಲೆವೆಲ್ಲಿನ ಪರೀಕ್ಷೆಯಲ್ಲಿ ರುಚಿ ನೋಡುವುದೇ ಇಲ್ಲ, ಅದು ಬರುವುದು ಮೂರನೆಯದರಲ್ಲಿ! ಹೋಟೆಲ್, ವ್ಯಾಪಾರದವರಿಗೆ ಆ ಕಾಗದ ಬೇಕು, ನಿಮಗೆ ಬೇಕಿಲ್ಲ. ನೀವು ಶುಲ್ಕ ಕೊಡುವುದು ಅಕ್ಕಪಕ್ಕ ಇಟ್ಟ ಹಲವು ವೈನುಗಳಿಗೆ. ಒಂದೇ ಗ್ಲಾಸು ಕುಡಿದರೆ ನಾಲಿಗೆಗೆ ಹೋಲಿಸಲು ಏನೂ ಇರುವುದಿಲ್ಲ. ಎರಡಿಟ್ಟರೆ ಯಾವುದು ಹೆಚ್ಚು ಹುಳಿ ಅಂತ ಮಗುವೂ ಹೇಳೀತು. ಮನೆಯಲ್ಲಿ ಅಷ್ಟು ಬಾಟಲಿ ಒಟ್ಟಿಗೆ ತೆರೆಯಲು ಯಾರಿಗೂ ಕೈ ಬರುವುದಿಲ್ಲ. ಹಾಗಾಗಿ ಸೇರುವ ಮೊದಲು ‘ಎಷ್ಟು ಬಗೆ ಸುರಿಯುತ್ತೀರಿ, ಜೋಡಿ ಜೋಡಿಯಾಗಿ ಕೊಡುತ್ತೀರಾ?’ ಅಂತ ಕೇಳಿ. ಬರೀ ಸ್ಲೈಡು ತೋರಿಸಿ ಕೊನೆಗೆ ಎರಡು ಗ್ಲಾಸು ಕೊಡುವ ಕಡೆ ಹೋಗಬೇಡಿ. ಅನುಮಾನವಿದ್ದರೆ ಮೊದಲು ನಂದಿ ಬೆಟ್ಟದ ಸುತ್ತಿನ ಯಾವುದಾದರೂ ವೈನರಿಯ ಟೂರ್ ಮಾಡಿ ಬನ್ನಿ.

ಅದಕ್ಕೂ ಮೊದಲು, ಒಂದು ಹನಿ ವೈನಿಲ್ಲದೆ ಇದನ್ನು ಮಾಡಿ, ಮನೆಯವರನ್ನೂ ಕೂರಿಸಿಕೊಳ್ಳಿ. ಹಾಲು ಹಾಕದ ಟೀ, ಒಂದು ಲೋಟಕ್ಕೆ ಪುಡಿಯನ್ನು ಎರಡು ನಿಮಿಷ ನೆನೆಸಿ, ಇನ್ನೊಂದಕ್ಕೆ ಹತ್ತು ನಿಮಿಷ. ಒಸಡಿನ ಮೇಲೆ ಗೊತ್ತಾಗುವ ವ್ಯತ್ಯಾಸವೇ ಟ್ಯಾನಿನ್. ಒಂದೇ ಹದದ ನಿಂಬೆ ನೀರು ಎರಡು ಲೋಟ ಮಾಡಿ, ಒಂದಕ್ಕೆ ಸಕ್ಕರೆ ಹಾಕಿ. ಹುಳಿ ಕಮ್ಮಿ ಆದಂತೆ ಅನ್ನಿಸಿದರೂ ಜೊಲ್ಲು ಮಾತ್ರ ಸುರಿಯುತ್ತಲೇ ಇರುತ್ತದೆ. ಕೊನೆಗೆ ಮೂಗು ಬಿಗಿಹಿಡಿದು ಒಂದು ಏಲಕ್ಕಿ ಜಗಿಯಿರಿ. ಬಾಯಲ್ಲಿ ನಾರು, ಖಾರ ಅಷ್ಟೇ. ಕೈ ಬಿಟ್ಟ ಕ್ಷಣ ಏಲಕ್ಕಿಯ ಘಮ ಬರುತ್ತದೆ. ವೈನಿನ ಮುಕ್ಕಾಲು ಪಾಲು ಮಜಾ ಅಲ್ಲೇ ಇರುವುದು. ಗ್ಲಾಸು ತಿರುಗಿಸುವುದೂ ಆ ಘಮ ಮೇಲೇಳಲಿ ಅಂತ, ಸ್ಟೈಲಿಗಲ್ಲ. ಕ್ಲಾಸಿನ ದಿನ ಸೆಂಟು ಹಾಕಿಕೊಂಡು ಹೋಗಬೇಡಿ, ಪಕ್ಕದವರು ಶಾಪ ಹಾಕುತ್ತಾರೆ.

ಪ್ರ: ಅಳಿಯ ತಂದುಕೊಟ್ಟ ಕೆಂಪು ವೈನ್ ಅರ್ಧ ಉಳಿದಿದೆ. ಫ್ರಿಜ್ಜಿನಲ್ಲಿ ಇಟ್ಟರೆ ಕೆಡುತ್ತದಂತೆ, ಹೌದೇ? ಬಿರಡೆ ಇಲ್ಲ, ತಿರುಗಿಸುವ ಮುಚ್ಚಳ. ಅಗ್ಗದ ಮಾಲೇ?
– ಓದುಗರೊಬ್ಬರು, ಶಿವಮೊಗ್ಗ

ಉ: ಫ್ರಿಜ್ಜಿನಲ್ಲೇ ಇಡಿ, ಹೊರಗಿಟ್ಟರೆ ಬೇಗ ಕೆಡುವುದು. ಮುಚ್ಚಳ ಬಿಗಿ ಮಾಡಿದರೆ ಮೂರ್ನಾಲ್ಕು ದಿನ ಅಡ್ಡಿಯಿಲ್ಲ. ಕುಡಿಯುವ ಇಪ್ಪತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ಕೆಂಪು ವೈನ್ ರೂಮ್ ಟೆಂಪರೇಚರಿನಲ್ಲಿ ಅನ್ನುವುದು ಯುರೋಪಿನ ತಣ್ಣನೆ ಕೋಣೆಗಳ ಲೆಕ್ಕ. 15ರಿಂದ 18 ಡಿಗ್ರಿ ಇದ್ದರೆ ಸರಿ, ನಿಮ್ಮ ಏಪ್ರಿಲ್ ಸೆಕೆಗೆ ಅದು ಹೊಂದುವುದಿಲ್ಲ. ತಿರುಗಿಸುವ ಮುಚ್ಚಳ ಅಗ್ಗದ ಗುರುತಲ್ಲ, ನ್ಯೂಜಿಲೆಂಡಿನ ಒಳ್ಳೊಳ್ಳೆಯ ವೈನಿಗೂ ಅದೇ ಇರುತ್ತದೆ. ಅಳಿಯನ ಮೇಲೆ ಅನುಮಾನ ಬೇಡ.