ಅಲೆಕ್ಸಾಂಡ್ರಾದ ಹಿರಿಯ ಹೋರಾಟಗಾರರೊಬ್ಬರ ಬದುಕನ್ನು ದಾಖಲಿಸಲು ಯಾವ ಪ್ರಶ್ನೆಗಳನ್ನು ಕೇಳಬೇಕು?

ಜೊಹಾನ್ಸ್‌ಬರ್ಗ್‌ನ ಸ್ಯಾಂಡ್ಟನ್‌ನಲ್ಲಿ ಕೆಲಸ, ಹೆದ್ದಾರಿಯ ಆಚೆಗಿನ ಕಪ್ಪು ಜನರ ಬಡಾವಣೆ ಅಲೆಕ್ಸಾಂಡ್ರಾದಲ್ಲಿ ಪರಿಚಯವಾದ ಹಿರಿಯರು, ಎರಡು ಗಂಟೆಯ ಸಂದರ್ಶನ, ವರ್ಣಭೇದದ ವಿರುದ್ಧದ ಹೋರಾಟದ ಬಗ್ಗೆ ಮಾತ್ರ ಇಪ್ಪತ್ತು ಪ್ರಶ್ನೆಗಳು: ನೀವು ಬರೆದದ್ದನ್ನು ಓದುವಾಗ ಹನ್ನೊಂದು ವರ್ಷಗಳ ಹಿಂದಿನ ನನ್ನನ್ನೇ ಕಂಡಂತಾಯಿತು.

ಬೆಂಗಳೂರಿನಿಂದ ಮೂರು ವರ್ಷಗಳ ಗುತ್ತಿಗೆಯ ಮೇಲೆ ನಾನೂ ಅಲ್ಲಿಗೆ ಹೋಗಿದ್ದೆ. ನಮ್ಮ ಕಚೇರಿಯ ಕಾವಲುಗಾರರೊಬ್ಬರ ತಂದೆಯನ್ನು ಅವರ ಬೀದಿಯವರೆಲ್ಲ ‘ತಾತಾ’ ಎಂದು ಕರೆಯುತ್ತಿದ್ದರು. ಷೋಸಾ ಭಾಷೆಯಲ್ಲಿ ಅದು ತಂದೆಯನ್ನು ಕರೆಯುವ ಮಾತು. ನಾನು ಮಾತ್ರ ಅಜ್ಜನನ್ನು ಕರೆದಂತೆಯೇ ಕರೆದೆ, ಅದು ಅವರಿಗೆ ಒಪ್ಪಿಗೆಯೂ ಆಯಿತು. ದರ ಏರಿಕೆಯ ವಿರುದ್ಧ ನಡೆದ 1957ರ ಬಸ್ ಬಹಿಷ್ಕಾರದ ವೇಳೆಗೆ ಅವರು ಹನ್ನೊಂದರ ಹುಡುಗ. 1986ರಲ್ಲಿ ನಿವಾಸಿಗಳೇ ಕಟ್ಟಿಕೊಂಡಿದ್ದ ಬೀದಿ ಸಮಿತಿಯ ಸದಸ್ಯ. ಅದೇ ವರ್ಷ ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯೇ ಇಲ್ಲದೆ ತಿಂಗಳುಗಟ್ಟಲೆ ಬಂಧನದಲ್ಲಿದ್ದವರು.

ಅವರು ವಿಷಯ ಬಿಟ್ಟು ಮಾತನಾಡುತ್ತಿದ್ದಾರೆ ಎಂದು ನನಗೆ ಅನ್ನಿಸಿದಾಗಲೆಲ್ಲ ನಾನು ರೆಕಾರ್ಡರ್ ನಿಲ್ಲಿಸುತ್ತಿದ್ದೆ. ನಾನು ಮಾಡಿದ ತಪ್ಪು ಇದೊಂದೇ, ಆದರೆ ಎಲ್ಲವೂ ಇದರಲ್ಲೇ ಹೋಯಿತು. ಆಮೇಲೆ ಕೂತು ಬರೆದುಕೊಳ್ಳುವ ಕೆಲಸ ಕಡಿಮೆಯಾಗಲಿ ಎಂಬುದು ಒಂದು ಕಾರಣ; ಯಾವುದು ಇತಿಹಾಸ, ಯಾವುದು ಅಲ್ಲ ಎಂಬುದು ನನಗೆ ಗೊತ್ತಿದೆ ಎಂಬ ನಂಬಿಕೆ ನಿಜವಾದ ಕಾರಣ. ಒಂದೇ ವಠಾರದ ಮನೆಗಳೆಲ್ಲ ಹಂಚಿಕೊಳ್ಳುತ್ತಿದ್ದ ನಲ್ಲಿಯ ಜಗಳ, ಬಕೆಟ್ ಕಕ್ಕಸುಗಳ ನಾತ, ಕುಡಿದು ಹೆಂಡತಿಯನ್ನು ಹೊಡೆದವನನ್ನು ಸಮಿತಿಯ ಮುಂದೆ ಕೂರಿಸಿದ್ದು, ಹುಡುಗರು ಕಸದ ತಿಪ್ಪೆ ಬಳಿದು ಸಣ್ಣ ಉದ್ಯಾನ ಮಾಡಿದ್ದು, ಇವೆಲ್ಲ ಬಂದಾಗ ನನ್ನ ಹೆಬ್ಬೆರಳು ಗುಂಡಿಯ ಮೇಲೆ ಹೋಗುತ್ತಿತ್ತು. ಮೂರನೆಯ ಭೇಟಿಯ ಹೊತ್ತಿಗೆ ಅವರು ನನ್ನ ಹೆಬ್ಬೆರಳನ್ನೇ ನೋಡುತ್ತ ಮಾತನಾಡತೊಡಗಿದ್ದರು, ಅದು ಅಲುಗಿದೊಡನೆ ಮಾತು ಬದಲಿಸಿ ಮತ್ತೆ ಪೊಲೀಸರ ವಿಷಯಕ್ಕೆ ಬರುತ್ತಿದ್ದರು. ಅದನ್ನು ಕಂಡೂ ನಾನು ಅರ್ಥಮಾಡಿಕೊಳ್ಳಲಿಲ್ಲ.

ಆ ಬೀದಿ, ವಠಾರಗಳ ಸಮಿತಿಗಳನ್ನೇ ಸರ್ಕಾರ ರಾಜದ್ರೋಹವೆಂದು ಕರೆದು ಅಲೆಕ್ಸಾಂಡ್ರಾದ ಕಾರ್ಮಿಕ ನಾಯಕ ಮೋಸೆಸ್ ಮಯೆಕಿಸೊ ಮತ್ತು ಇನ್ನು ನಾಲ್ವರ ಮೇಲೆ ಮೊಕದ್ದಮೆ ಹೂಡಿತ್ತು, 1989ರಲ್ಲಿ ಅವರೆಲ್ಲ ಖುಲಾಸೆಯಾದರು ಎಂಬುದನ್ನು ನಾನು ಓದಿ ತಿಳಿದದ್ದು ಊರಿಗೆ ಮರಳಿದ ಮೇಲೆ. ನಾನು ಇತಿಹಾಸವಲ್ಲ ಎಂದು ಬಿಟ್ಟದ್ದರಲ್ಲೇ ಆ ಸರ್ಕಾರ ತನ್ನನ್ನು ಉರುಳಿಸುವ ಸಂಚನ್ನು ಕಂಡಿತ್ತು. ಅಷ್ಟರಲ್ಲಿ ತಾತಾ ತೀರಿಕೊಂಡಿದ್ದರು.

ನನ್ನ ಬಳಿ ಉಳಿದಿರುವ ನಾಲ್ಕು ಗಂಟೆಯ ಧ್ವನಿಯಲ್ಲಿ ಇರುವುದು ಯಾವ ಪುಸ್ತಕದಲ್ಲಾದರೂ ಸಿಗುವ ಸಂಗತಿಗಳು: ಅಲೆಕ್ಸಾಂಡ್ರಾ 1912ರಲ್ಲೇ ಹುಟ್ಟಿದ್ದರಿಂದ ಕಪ್ಪು ಜನ ದೇಶದ ಬಹುಪಾಲು ಕಡೆ ಭೂಮಿ ಕೊಳ್ಳುವುದನ್ನು ತಡೆದ 1913ರ ಭೂ ಕಾಯ್ದೆಯನ್ನು ಮೀರಿ ಅಲ್ಲಿ ಕಪ್ಪು ಜನ ಸ್ವಂತ ನಿವೇಶನ ಹೊಂದಬಹುದಾಗಿತ್ತು, ಬಸ್ಸಿನ ದರ ನಾಲ್ಕು ಪೆನ್ಸ್‌ನಿಂದ ಐದಕ್ಕೆ ಏರಿದಾಗ ಸಾವಿರಾರು ಜನ ನಗರಕ್ಕೆ ದಿನವೂ ಹೋಗುತ್ತ ಸುಮಾರು ಹದಿನೈದು ಕಿಲೋಮೀಟರ್, ಬರುತ್ತ ಅಷ್ಟೇ, ನಡೆದರು. ತಾತಾ ಅವರ ತಾಯಿ ಒಗೆದ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ಹಾಗೆ ನಡೆದವರು. ಸವೆದ ಬೂಟಿನ ಒಳಗೆ ಆಕೆ ಪ್ರತಿ ರಾತ್ರಿ ಏನನ್ನೋ ಕತ್ತರಿಸಿ ಇಡುತ್ತಿದ್ದರೆಂದು ತಾತಾ ಕೈಯಲ್ಲಿ ಅಳತೆ ಮಾಡಿ ತೋರಿಸಿದ್ದರು. ಅದು ರಟ್ಟೋ ಟೈರಿನ ರಬ್ಬರೋ ಎಂಬುದು ನನಗೆ ಈಗ ನೆನಪಿಲ್ಲ, ರೆಕಾರ್ಡರ್ ಆಗ ನಿಂತಿತ್ತು. ಅವರ ಮೊಮ್ಮಗಳಿಗೆ ಧ್ವನಿಯ ಪ್ರತಿ ಕಳುಹಿಸಿದಾಗ ಆಕೆ ಕೇಳಿದ ಮೊದಲ ಪ್ರಶ್ನೆ, ಬೂಟಿನ ಮಾತು ಎಲ್ಲಿದೆ ಎಂದು.

ಹಾಗಾಗಿ ಯಾವ ಪ್ರಶ್ನೆ ಕೇಳಬೇಕೆಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ ಪಟ್ಟಿಯನ್ನು ಮನೆಯಲ್ಲೇ ಬಿಡಿ. ಹೋರಾಟ ಬೇರೆ, ಬದುಕು ಬೇರೆ ಎಂದು ಅವರು ಬದುಕಿಲ್ಲ, ನೀವು ಬೇರ್ಪಡಿಸಬೇಡಿ. ಅವರ ಒಪ್ಪಿಗೆ ಪಡೆದು ಒಮ್ಮೆ ಗುಂಡಿ ಒತ್ತಿದ ಮೇಲೆ ಅವರೇ ನಿಲ್ಲಿಸು ಎನ್ನುವವರೆಗೆ ಮುಟ್ಟಬೇಡಿ. ಇಂಗ್ಲಿಷಿನಲ್ಲೇ ಹೇಳಲಿ ಎಂದು ಕೂರಬೇಡಿ. ಅವರ ಮನೆಯ ಮಾತಿನಲ್ಲಿ ಹೇಳಲಿ, ಮಕ್ಕಳೋ ಮೊಮ್ಮಕ್ಕಳೋ ಪಕ್ಕದಲ್ಲಿ ಕೂತು ನಿಮಗೆ ತಿಳಿಸಲಿ. ಶನಿವಾರ ಬೀದಿಯಲ್ಲಿ ಯಾರದಾದರೂ ಶವಸಂಸ್ಕಾರವಿದ್ದು ಅವರು ಕರೆದರೆ, ಸಂದರ್ಶನ ಮುಂದೂಡಿ ಜೊತೆಯಲ್ಲಿ ಹೋಗಿ. ಧ್ವನಿಯ ಒಂದು ಪ್ರತಿಯನ್ನು ಅದೇ ದಿನ ಅವರ ಮನೆಯಲ್ಲಿ ಕೊಟ್ಟು ಬನ್ನಿ.