ರಾಜ್ಯ ಸಚಿವೆಯಿಂದ ಸಂಪುಟದವರೆಗೆ

ಪ್ರಶ್ನೆ: ಮಹಾರಾಷ್ಟ್ರದ ರಾಜಕಾರಣಿ ಅದಿತಿ ತಟ್ಕರೆಯವರು ಚಿಕ್ಕ ವಯಸ್ಸಿನಲ್ಲೇ ಸಂಪುಟ ಸೇರಿದ್ದು ತಂದೆಯ ಹೆಸರಿನ ಬಲದಿಂದಲೇ ಎಂದು ನಮ್ಮ ಕನ್ನಡ ಸಂಘದಲ್ಲಿ ಚರ್ಚೆಯಾಯಿತು. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಸಯನ್, ಮುಂಬಯಿ

ಉತ್ತರ: ಎನ್‌ಸಿಪಿ ನಾಯಕ ಸುನಿಲ್ ತಟ್ಕರೆಯವರ ಮಗಳೆಂಬ ಅನುಕೂಲ ಇದ್ದೇ ಇತ್ತು, ಆದರೆ 2017ರಲ್ಲಿ ರಾಯಗಡ ಜಿಲ್ಲಾ ಪರಿಷತ್ತಿನ ಅಧ್ಯಕ್ಷೆಯಾಗಿ, 2019ರಲ್ಲಿ ಶ್ರೀವರ್ಧನದ ಶಾಸಕಿಯಾಗಿ, ಅದೇ ಡಿಸೆಂಬರಿನಲ್ಲಿ ಸಂಪುಟಕ್ಕಿಂತ ಕೆಳಗಿನ ದರ್ಜೆಯ ರಾಜ್ಯ ಸಚಿವೆಯಾಗಿ ಅವರು ಹಂತಹಂತವಾಗಿ ಆಡಳಿತ ಕಲಿತರೆಂಬುದನ್ನು ಮರೆಯಬಾರದು. 2023ರ ಜುಲೈಯಲ್ಲಿ ಸಂಪುಟ ದರ್ಜೆಗೇರಿದಾಗ ಇಡೀ ಮಂತ್ರಿಮಂಡಲದಲ್ಲಿದ್ದ ಏಕೈಕ ಮಹಿಳೆ ಅವರೇ ಆಗಿದ್ದುದು ನನಗೆ ನೋವಿನ ಸಂಗತಿ. ಅರ್ಹ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಕೊಡುವ ‘ಲಾಡ್ಕಿ ಬಹೀಣ್’ ಯೋಜನೆ 2024ರಲ್ಲಿ ಅವರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ಜಾರಿಯಾಯಿತು. ಆಧಾರ್, ಪಡಿತರ ಚೀಟಿಗಳ ಪ್ರತಿ ಹಿಡಿದು ಬಂದವರ ಅರ್ಜಿ ತುಂಬಿಸಿದ ಅಂಗನವಾಡಿ ಸೇವಿಕೆಯರ ದುಡಿಮೆಯೂ ಅದರಲ್ಲಿದೆ. ಆ ವರ್ಷದ ವಿಧಾನಸಭಾ ಚುನಾವಣೆಯ ಬಳಿಕ ಅದೇ ಖಾತೆ ಮರಳಿ ಅವರಿಗೇ ದೊರೆಯಿತು.