ಯೋಕ್ಟೋದಲ್ಲಿ ಒಂದೇ ಸಿ ಫೈಲಿನ ಪ್ರೋಗ್ರಾಮಿಗೆ ರೆಸಿಪಿ ಬರೆಯೋದು ಹೇಗೆ?

ಯೋಕ್ಟೋ ಅಂದರೆ ಬೋರ್ಡುಗಳಿಗೆ ಬೇಕಾದ ಲಿನಕ್ಸ್ ಕಟ್ಟುವ ಪ್ರಾಜೆಕ್ಟ್; ರೆಸಿಪಿ ಅಂದರೆ ಒಂದು ಪ್ರೋಗ್ರಾಮನ್ನು ಹೇಗೆ ಬಿಲ್ಡ್ ಮಾಡಬೇಕು ಅಂತ ಹೇಳುವ ಫೈಲ್. ಅದಕ್ಕೆ ಹತ್ತು ಹದಿನೈದು ಸಾಲು ಸಾಕು. ನಿಮ್ಮ ಲೇಯರಿನಲ್ಲಿ (ರೆಸಿಪಿಗಳನ್ನು ಇಡುವ ಫೋಲ್ಡರಿನಲ್ಲಿ) ‘ಹಲೋ_1.0.ಬಿಬಿ’ ಅಂತ ಫೈಲ್ ಮಾಡಿ. ಹೆಸರು, ವರ್ಷನ್ ಎರಡನ್ನೂ ಯೋಕ್ಟೋದ ಬಿಲ್ಡ್ ಟೂಲ್ ಆದ ಬಿಟ್‌ಬೇಕ್ ಫೈಲಿನ ಹೆಸರಿನಿಂದಲೇ ತೆಗೆದುಕೊಳ್ಳುತ್ತದೆ. ಒಳಗೆ ಲೈಸೆನ್ಸ್, ಲೈಸೆನ್ಸ್ ಫೈಲಿನ ಚೆಕ್‌ಸಮ್ (ಫೈಲ್ ಬದಲಾಗಿದೆಯಾ ಅಂತ ತಿಳಿಸುವ ಸಂಖ್ಯೆ), ಸೋರ್ಸ್ ಎಲ್ಲಿದೆ ಅನ್ನೋದು ಇರಲಿ.

ಜನ ಜಾಸ್ತಿ ಎಡವೋದು ಕಂಪೈಲ್ ಹಂತದಲ್ಲಿ. ಸುಮ್ನೆ ‘ಜಿಸಿಸಿ’ ಅಂತ ಬರೆದರೆ ನಿಮ್ಮ ಲ್ಯಾಪ್‌ಟಾಪಿನ ಕಂಪೈಲರ್ ಓಡುತ್ತದೆ. ಬೋರ್ಡಿನಲ್ಲಿರೋದು ಆರ್ಮ್ ಚಿಪ್ ಅಲ್ವಾ? ಬೋರ್ಡಿನ ಚಿಪ್‌ಗೆ ಬೇಕಾದ ಕಂಪೈಲರ್ ಇರುವ ‘ಸಿಸಿ’ ವೇರಿಯಬಲ್ ಬಳಸಿ, ಜೊತೆಗೆ ಲಿಂಕರಿನ ಆಯ್ಕೆಗಳಿರುವ ‘ಎಲ್‌ಡಿಫ್ಲ್ಯಾಗ್ಸ್’ ಕೂಡ ಕೊಡಿ. ‘ಎಲ್‌ಡಿಫ್ಲ್ಯಾಗ್ಸ್’ ಬಿಟ್ಟರೆ ‘ಗ್ನೂ ಹ್ಯಾಶ್ ಇಲ್ಲ’ ಅಂತ ಎರರ್ ಬರುತ್ತದೆ. ಈಗಿನ ಮೆಸೇಜಿನಲ್ಲೇ ‘ಎಲ್‌ಡಿಫ್ಲ್ಯಾಗ್ಸ್ ಕೊಡಲಿಲ್ವಾ?’ ಅನ್ನೋ ಸುಳಿವು ಇರುತ್ತದೆ.

ಇನ್‌ಸ್ಟಾಲ್ ಹಂತದಲ್ಲಿ, ಫೈಲ್ ಹೋಗಬೇಕಾದ ಪಾತ್‌ನ ಮುಂದೆ ‘ಡಿ’ ವೇರಿಯಬಲ್ (ಫೈಲುಗಳನ್ನು ತಾತ್ಕಾಲಿಕವಾಗಿ ಜೋಡಿಸುವ ಫೋಲ್ಡರ್) ಹಾಕಿ.

ರೆಸಿಪಿ ಬಿಲ್ಡ್ ಆದ ಮಾತ್ರಕ್ಕೆ ಇಮೇಜಿಗೆ (ಬೋರ್ಡಿಗೆ ಹಾಕುವ ಪೂರ್ತಿ ಸಿಸ್ಟಮ್‌ಗೆ) ಸೇರುವುದಿಲ್ಲ. ‘ಇಮೇಜ್_ಇನ್‌ಸ್ಟಾಲ್’ ವೇರಿಯಬಲ್‌ನ ಕೊನೆಗೆ ನಿಮ್ಮ ಪ್ಯಾಕೇಜಿನ ಹೆಸರು ಅಪೆಂಡ್ ಮಾಡಿ. ಹೆಸರಿನ ಮುಂದೆ ಒಂದು ಸ್ಪೇಸ್ ಬಿಡಿ, ಇಲ್ಲದಿದ್ದರೆ ಹಿಂದಿನ ಪ್ಯಾಕೇಜಿನ ಹೆಸರಿಗೆ ಅಂಟಿಕೊಳ್ಳುತ್ತದೆ.